ಪೊಕುವಾ ಅಜ್ಜಿಯ ಬಲಗೈ

ಕುಮಾಸಿ ನಗರದ ಬಂತಾಮಾ ಬೀದಿಯಲ್ಲಿ ಸೆರ್ವಾಳ ಸೋದರಮಾವ ಒಬೆಂಗನ ಫೋಟೋ ಸ್ಟುಡಿಯೋ ಇತ್ತು. ಮದುವೆ, ನಾಮಕರಣ, ಎಲ್ಲಕ್ಕಿಂತ ಹೆಚ್ಚಾಗಿ ಸಾವಿನ ಕಾರ್ಯಗಳ ವಿಡಿಯೋ ತೆಗೆಯುವುದು ಅವನ ಕಸುಬು. ಒಳಕೋಣೆಯ ಮೂಲೆಯಲ್ಲಿ, ಯಾವುದೋ ದೂರದೇಶದ ಕಚೇರಿಯವರು ಬಳಸಿ ಬಿಸಾಕಿದ ಕಂಪ್ಯೂಟರ್ ಒಂದಿತ್ತು. ಅದರ ಮುಂದೆ ಕೂತು ಸೆರ್ವಾ ಎರಡು ದಪ್ಪ ಪುಸ್ತಕಗಳನ್ನು ಗುರು ಮಾಡಿಕೊಂಡಿದ್ದಳು.

ಪುಸ್ತಕ ಸಿಕ್ಕಿದ್ದು ಅಡುಮ್ ಪೇಟೆಯ ಫುಟ್‌ಪಾತಿನಲ್ಲಿ, ಹಡಗಿನಲ್ಲಿ ಬಂದ ಹಳೆ ಪುಸ್ತಕಗಳ ರಾಶಿಯೊಳಗೆ. ಕಂಪ್ಯೂಟರಿನಲ್ಲಿ ಬೊಂಬೆ ಮಾಡಿ ಅದನ್ನು ನಡೆಸುವುದು, ನಗಿಸುವುದು ಹೇಗೆ ಅಂತ ಹೇಳಿಕೊಡುವ ಪುಸ್ತಕಗಳು. ಹಿಂದಿನ ರಟ್ಟಿನ ಜೇಬಿನಲ್ಲಿ ಇರಬೇಕಾದ ಸಿ.ಡಿ. ಎರಡರಲ್ಲೂ ಇರಲಿಲ್ಲ. ಸಿ.ಡಿ.ಯಲ್ಲಿರುವ ಬೊಂಬೆಯನ್ನು ತೆಗೆದುಕೊಳ್ಳಿ ಎಂದು ಪುಸ್ತಕ ಹೇಳಿದಾಗಲೆಲ್ಲ ಆ ಬೊಂಬೆಯನ್ನು ಅವಳೇ ಬುಡದಿಂದ ಮಾಡಿಕೊಳ್ಳಬೇಕಿತ್ತು.

ಮೊದಲು ಚೆಂಡು ಪುಟಿಸುವ ಪಾಠ. ಆಮೇಲೆ ಹಿಟ್ಟಿನ ಚೀಲದ್ದು. ಕೈಕಾಲು, ಕಣ್ಣು, ಬಾಯಿ ಏನೂ ಇಲ್ಲದ ಚೀಲ, ಆದರೂ ಅದು ಬೇಜಾರಾಗಿ ಕೂತಿದೆ ಅಂತ ನೋಡಿದವರಿಗೆ ಅನ್ನಿಸಬೇಕು. ಕರೆಂಟು ಹೋದಾಗ ಅವಳು ನಡಿಗೆ ಅರಿಯಲು ಬಾಗಿಲಲ್ಲಿ ಕೂತು ದಾರಿಹೋಕರ ಹಿಮ್ಮಡಿ ನೋಡುತ್ತಿದ್ದಳು. ಮಾವ ಆ ಕಡೆ ಈ ಕಡೆ ಓಡಾಡುವಾಗ ಒಂದು ಮಾತು ಚುಚ್ಚದೆ ಬಿಡುತ್ತಿರಲಿಲ್ಲ.

"ಏನಮ್ಮಾ, ನಿನ್ನ ಚೀಲಕ್ಕೆ ಇವತ್ತಾದ್ರೂ ನಗು ಬಂತಾ? ಇಲ್ಲಾಂದ್ರೆ ಅದಕ್ಕೆ ಹಿಟ್ಟಾದ್ರೂ ತುಂಬು, ನಿಮ್ಮತ್ತೆ ಅಡುಗೆ ಮಾಡ್ಲಿ."

"ನಿಮ್ಮನ್ನ ಸರಿಯಾಗಿ ನೋಡಿಲ್ಲ ಮಾವ ಅದು. ನೋಡಿದ್ರೆ ತಾನೇ ನಗುತ್ತೆ."

ಹೀಗಿರುವಾಗ ಪೊಕುವಾ ಅಜ್ಜಿ ತೀರಿಕೊಂಡು ವರ್ಷ ತುಂಬುವ ಕಾರ್ಯಕ್ಕೆ ಕೆಲವು ತಿಂಗಳು ಉಳಿದವು. ಅವಳು ಒಬೆಂಗನ ತಾಯಿ. ಬದುಕಿಡೀ ಅದೇ ಬೀದಿಯ ಅಂಚಿನಲ್ಲಿ ಹಂಡೆ ಇಟ್ಟುಕೊಂಡು ಕೆಂಕೆ ಮಾರಿದವಳು. ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟಿನ ಆ ಉಂಡೆಗಳನ್ನು ತಿನ್ನದೆ ದೊಡ್ಡವರಾದವರು ಆ ಬೀದಿಯಲ್ಲಿ ಇರಲಿಲ್ಲ. ಊರಿನವರ ಕಾರ್ಯಗಳನ್ನೆಲ್ಲ ಹಿಡಿದಿಟ್ಟ ಮಗನಿಗೆ ತನ್ನ ತಾಯಿ ನಡೆದದ್ದನ್ನು ಒಮ್ಮೆ ಹಿಡಿದಿಡಬೇಕು ಅಂತ ಅವಳಿದ್ದಾಗ ಹೊಳೆದಿರಲಿಲ್ಲ. ಉಳಿದದ್ದು ಕೆಲವು ಫೋಟೋ ಮಾತ್ರ.

ಅಜ್ಜಿಯನ್ನು ಕಂಪ್ಯೂಟರಿನಲ್ಲಿ ನಾನು ನಡೆಸುತ್ತೇನೆ ಅಂದಳು ಸೆರ್ವಾ. ಒಬೆಂಗ್ ಕುರ್ಚಿ ಎಳೆದುಕೊಂಡು ಅವಳೆದುರು ಕೂತ.

"ಇಡೀ ಕುಲ ಕೂತಿರುತ್ತೆ. ಅದು ಅಮ್ಮನೇ ಅಂತ ಅವರಿಗೆ ಅನ್ನಿಸ್ಬೇಕು. ಬೊಂಬೆ ಅಂತ ನಕ್ಕುಬಿಟ್ರೆ, ಅವರು ನಕ್ಕಿದ್ದು ನಿನ್ನನ್ನಲ್ಲ, ಅಮ್ಮನ್ನ. ತಿಳೀತಾ?"

ತಿಳಿದೇ ಅವಳು ಕೆಲಸಕ್ಕೆ ಕೂತಳು. ಅಜ್ಜಿ ಮನೆಯಿಂದ ಹೊರಟು, ರಸ್ತೆ ಬದಿಗೆ ಬಂದು, ಹಂಡೆಯ ಮುಂದೆ ಕೂತು, ಒಂದು ಕೆಂಕೆ ತೆಗೆದು ನೋಡುವವರ ಕಡೆ ಚಾಚುತ್ತಾಳೆ, ಅಷ್ಟೆ. ಅಷ್ಟಕ್ಕೇ ತಿಂಗಳುಗಳು ಹಿಡಿದವು. ಕೊನೆಗೆ ಮಾವನನ್ನು ಕರೆದು ತೋರಿಸಿದಾಗ, ನಮ್ಮ ಮನೆ ರಸ್ತೆಯ ಬಲಕ್ಕಲ್ಲವಾ, ಅಮ್ಮ ಎಡಗಡೆಯಿಂದ ಬರುತ್ತಿದ್ದಾಳಲ್ಲ ಅಂದ. ಕಾರ್ಯಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಪುಸ್ತಕದಲ್ಲಿ ಅದಕ್ಕೊಂದು ಅಡ್ಡದಾರಿ ಇತ್ತು: ಕನ್ನಡಿಯಲ್ಲಿ ಕಂಡಂತೆ ಇಡೀ ಚಿತ್ರವನ್ನೇ ತಿರುಗಿಸಿಬಿಡುವುದು. ಸೆರ್ವಾ ತಿರುಗಿಸಿದಳು. ಅಜ್ಜಿ ಈಗ ಬಲಗಡೆಯಿಂದ ಬಂದಳು, ಕೂತಳು, ಕೈ ಚಾಚಿದಳು.

ಒಬೆಂಗನ ಮುಖ ಕಪ್ಪಿಟ್ಟಿತು.

"ಸೆರ್ವಾ, ಅಮ್ಮ ಎಡಗೈಲಿ ಕೊಡ್ತಿದ್ದಾಳೆ."

ಬದುಕಿರುವವರು ಎಡಗೈಯಲ್ಲಿ ಒಂದು ಬೆಂಕಿಪೊಟ್ಟಣ ಕೊಟ್ಟರೂ ಮುಖಕ್ಕೆ ಹೊಡೆದ ಹಾಗೆ. ಇನ್ನು ಸತ್ತವಳು, ತನ್ನ ಕಾರ್ಯಕ್ಕೆ ಬಂದ ಕುಲದವರಿಗೆ!

"ಅಮೋಫಾ ಮಾವ ನೋಡಿದ್ರೆ ಎದ್ದು ಹೋಗ್ತಾರೆ. ತಪ್ಪುಕಾಣಿಕೆ ಅಂತ ಕುರಿ ತಂದುಕೊಟ್ರೂ ವಾಪಸ್ ಕೂರಲ್ಲ," ಅಂದ ಒಬೆಂಗ್. ಅಮೋಫಾ ಅಂದರೆ ಅಜ್ಜಿಯ ತಮ್ಮ, ಈಗ ಕುಲದ ಯಜಮಾನರು.

ಚಿತ್ರವನ್ನು ಮೊದಲಿನ ಹಾಗೇ ತಿರುಗಿಸಲು ಹೊರಟ ಸೆರ್ವಾಳ ಕೈ ನಡುವೆಯೇ ನಿಂತಿತು. ತೆರೆಯ ಮೇಲಿನ ಆ ಎಡಗೈಯನ್ನು ಎಲ್ಲೋ ನೋಡಿದ ಹಾಗಿತ್ತು. ತಾನು ಚಿಕ್ಕವಳಿದ್ದಾಗ ಅಜ್ಜಿಯ ಹಂಡೆಯ ಪಕ್ಕವೇ ಕೂತಿರುತ್ತಿದ್ದಳಲ್ಲ! ಅಜ್ಜಿ ಎಡಚಿ. ಕಲಸುವುದು, ಕಟ್ಟುವುದು, ಸುಡುವ ಹಂಡೆಯೊಳಗಿಂದ ಉಂಡೆ ಎತ್ತುವುದು, ಎಲ್ಲ ಎಡಗೈಯಲ್ಲೇ. ಆದರೆ ಕೊಡುವ ಮೊದಲು ಉಂಡೆಯನ್ನು ಮಡಿಲ ಮೇಲೆ ಬಲಗೈಗೆ ದಾಟಿಸಿಕೊಳ್ಳುತ್ತಿದ್ದಳು, ಹಕ್ಕಿ ಕೊಂಬೆಯಿಂದ ಕೊಂಬೆಗೆ ಹಾರಿದಷ್ಟು ಹಗುರಾಗಿ. ಯಾಕೆ ಅಂತ ಕೇಳಿದ್ದಕ್ಕೆ, "ಎಡಗೈ ನಂದು ಕಣೇ, ಬಲಗೈ ಗಿರಾಕಿದು" ಅಂದಿದ್ದಳು.

"ತಿರುಗಿಸೋದು ಬೇಡ ಮಾವ. ಎಡಗೈಲೇ ಎತ್ತಲಿ. ಒಂದು ಕೈ ಬದಲಾವಣೆ ಸೇರಿಸ್ತೀನಿ."

ಒಬೆಂಗ್ ತನ್ನ ಎರಡು ಅಂಗೈಗಳನ್ನೂ ನೋಡಿಕೊಂಡ.

ಕೈ ಬದಲಾವಣೆಯ ಬಗ್ಗೆ ಪುಸ್ತಕದಲ್ಲಿ ಇದ್ದದ್ದು ಒಂದೇ ಮಾತು: ಹೊಸಬರು ಇದರ ಗೊಡವೆಗೆ ಹೋಗಬಾರದು. ಅವಳು ಹೋದಳು. ಉಂಡೆ ಅಂಗೈಯನ್ನು ತೂರಿಕೊಂಡು ಬಿದ್ದಿತು, ಗಾಳಿಯಲ್ಲಿ ನೇತಾಡಿತು, ಒಮ್ಮೆ ಅಜ್ಜಿಯ ಕಿವಿಗೆ ಅಂಟಿಕೊಂಡಿತು. ಪುಸ್ತಕದ ಪುಟಗಳ ಅಂಚು ಕಿತ್ತು ಬರುವಷ್ಟು ಹುಡುಕಿದಳು. ಕಡೆಗೆ ತಾನೇ ಒಂದು ಉಪಾಯ ಮಾಡಿದಳು. ಉಂಡೆ ಎರಡು: ಒಂದು ಎಡಗೈಗೆ ಕಟ್ಟಿದ್ದು, ಇನ್ನೊಂದು ಬಲಗೈಗೆ. ಎರಡು ಕೈಯೂ ಕೂಡಿ ಬೆರಳು ಮುಚ್ಚಿದಾಗ ಒಂದು ಮಾಯವಾಗಿ ಇನ್ನೊಂದು ಮೂಡುತ್ತದೆ. ನೋಡುವ ಕಣ್ಣಿಗೆ ಒಂದೇ ಉಂಡೆ.

ಕಾರ್ಯದ ದಿನ ಚಪ್ಪರದ ಕೆಳಗೆ ಕಪ್ಪುಬಿಳಿ ಬಟ್ಟೆಯ ಜನ ತುಂಬಿದ್ದರು. ಸ್ಪೀಕರಿನ ಹಾಡು ನಿಲ್ಲಿಸಿ ಒಬೆಂಗ್ ಟಿ.ವಿ. ಹಚ್ಚಿದ. ಅಮೋಫಾ ಮುಂದಿನ ಸಾಲಿನಲ್ಲೇ ಕೂತಿದ್ದರು. ಅಜ್ಜಿ ನಡೆದು ಬಂದಾಗ ಮಕ್ಕಳು ಕಿಸಕ್ಕೆಂದವು. ಅವಳು ಎಡಗೈ ಹಂಡೆಗೆ ಹಾಕಿದಾಗ ಹಿಂದೆ ಯಾರೋ ಗೊಣಗಿದರು. ಉಂಡೆ ಮಡಿಲ ಮೇಲೆ ಬಲಗೈಗೆ ದಾಟಿತು. ಬಲಗೈ ಮುಂದೆ ಚಾಚಿತು.

ಅಮೋಫಾರ ಬಲಗೈ ಅವರಿಗೇ ಗೊತ್ತಿಲ್ಲದೆ ತೊಡೆಯಿಂದ ಎದ್ದಿತ್ತು, ಇಸಿದುಕೊಳ್ಳುವವರ ಹಾಗೆ, ಅಂಗೈ ತೆರೆದು.

"ಅಕ್ಕ," ಅಂದರು ಅವರು. ಆಮೇಲೆ ಒಬೆಂಗನ ಕಡೆ ತಿರುಗಿ, "ಇನ್ನೊಂದ್ಸಲ ಹಾಕು" ಅಂದರು.

ಇನ್ನೊಂದು ಸಲ ಹಾಕಿದರು. ಮತ್ತೂ ಹಾಕಿದರು. ಹುಡುಗಿ ಯಾವ ದೇಶಕ್ಕೆ ಹೋಗಿ ಕಲಿತು ಬಂದಳು ಅಂತ ಜನ ಕೇಳತೊಡಗಿದರು. ಸೆರ್ವಾ ಉತ್ತರ ಹೇಳುವ ಮೊದಲೇ ಮಾವ ಎದೆಯುಬ್ಬಿಸಿಕೊಂಡು ಸಾಲು ಸಾಲಾಗಿ ಸುತ್ತುತ್ತಿದ್ದ.

"ಅಡುಮ್ ಫುಟ್‌ಪಾತಿಗೆ ಹೋಗಿ ಬಂದ್ಲು. ನನ್ನ ತಂಗಿ ಮಗಳು. ಪುಸ್ತಕ ಓದಿ ಕಲ್ತಿದ್ದು, ಅದೂ ಸಿ.ಡಿ. ಇಲ್ದೆ. ಸುಮ್ನೆ ಬರಲ್ಲ ಕಣ್ರೀ ಇದು. ಮೊದ್ಲು ಹಿಟ್ಟಿನ ಚೀಲನ ನಗಿಸ್ಬೇಕು, ಗೊತ್ತಾ? ಚೀಲ ನಗಿಸೋದು ಎಷ್ಟು ಕಷ್ಟ ಅಂತ ನನ್ನ ಕೇಳಿ."