ಬಾಗಿಲ ನೀರು

ಹೊಸ್ತಿಲ ಬಲಕ್ಕಿದ್ದ ನೀಲಿ ಬಕೆಟ್ಟನ್ನು ಯಾರೋ ಕಾಲಿನಿಂದ ಅತ್ತ ನೂಕಿದರು. ನೀರು ತುಳುಕಿತು, ಸೋಪಿನ ಡಬ್ಬಿ ಉರುಳಿ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಬಂದವರು ಚಪ್ಪಲಿ ಕಳಚಿ ಸೀದಾ ಒಳಗೆ ನುಗ್ಗಿದರು. ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದ ಹುಲುಗಣ್ಣನ ಹೆಣದ ಗಲ್ಲ ಸವರಿ, ಕೈ ಹಿಡಿದು, ಎದೆಗೆ ಹಣೆ ಹಚ್ಚಿ ಅತ್ತರು.

"ಕೈ ತೊಳಕೊಂಡು ಬರ್ರಿ" ಎಂಬ ಮಾತು ಎರ್ರೆಮ್ಮನ ನಾಲಗೆ ತುದಿಗೆ ಬಂದೇಬಿಟ್ಟಿತ್ತು. ವರ್ಷಗಟ್ಟಲೆ ಆಡಿದ ಮಾತು, ಬಿಡು ಅಂದರೆ ಬಿಡುವುದೇ? ನುಂಗಿಕೊಂಡಳು. ತಮ್ಮನನ್ನು ಇನ್ನು ಯಾರು ಮುಟ್ಟಿದರೇನು.

"ಎಂಥಾ ಮನಷ್ಯಾ ಇದ್ದ," ಅಂದಳು ಪಕ್ಕದ ಮನೆಯ ಅಂಜಿನಕ್ಕ. "ಕೊಟ್ಟೂರಿಗಿ ಹೊಂಟ್ರ ಟಿಕೀಟು ಹರಿಯಾಕಿಂತ ಮದ್ಲ 'ಮನ್ಯಾಗ ಎಲ್ಲಾರೂ ಆರಾಮ ಅದಾರೇನಕ್ಕ' ಅಂತಿದ್ದ. ಅಂಥಾ ಕಂಡಕ್ಟರನ್ನ ಗಿಣಿ ಸಾಕಿದಂಗ ಕೂಡಿಹಾಕಿದ್ರು."

ಕೂಡಿಹಾಕಿದವರು ಯಾರೆಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರೂ ಎರ್ರೆಮ್ಮನ ಕಡೆ ನೋಡಿದರು.

ಸೋದರಮಾವ ಕರಿಸಿದ್ದಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಮನೆತನಕ್ಕೆ ಹಿರಿಯ, ಆತ ಬಾಯಿ ತೆರೆದರೆ ಉಳಿದವರು ಮುಚ್ಚಬೇಕು. "ಏನ್ ಮಾಡಾದೈತಿ? ಅಕ್ಕನ ಕಿಡ್ನಿ ಒಗ್ಗಲಿಲ್ಲ. ಕೈಲೆ ಕೊಡಾದು ಬ್ಯಾರೆ, ಮನಸಿಲೆ ಕೊಡಾದು ಬ್ಯಾರೆ."

"ಒಗ್ಗಿತ್ತು ಮಾವ," ಅಂದಳು ಎರ್ರೆಮ್ಮ. ಹೊರಗೆ ಹಲಗೆ ಬಾರಿಸುವವರು ಶುರುಮಾಡಿದ್ದರು. ಅವಳ ಮಾತು ಯಾರಿಗೂ ಕೇಳಲಿಲ್ಲ.

*

ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮೊದಲು ಡಾಕ್ಟರು ಅವಳನ್ನು ಕೂರಿಸಿಕೊಂಡು ಹೇಳಿದ್ದರು: "ಬೇರೆಯವರ ಅಂಗ ಒಳಗೆ ಬಂದರೆ ಮೈ ಅದನ್ನು ಶತ್ರು ಅಂದುಕೊಳ್ಳುತ್ತಮ್ಮ. ಹೊರಗೆ ಹಾಕೋದಕ್ಕೆ ನೋಡುತ್ತೆ."

"ಒಡಹುಟ್ಟಿದಾಕಿನ್ನೂ ಗುರುತು ಹಿಡಿಯಂಗಿಲ್ಲೇನ್ರಿ?"

"ಹಿಡಿಯೋದಿಲ್ಲ. ಅದಕ್ಕೇ ಮಾತ್ರೆ, ಬದುಕಿರೋ ತನಕ. ಆ ಮಾತ್ರೆ ಮೈಯ ಕಾವಲುಗಾರರನ್ನ ಮಲಗಿಸಿಬಿಡುತ್ತೆ. ಕಾವಲು ಮಲಗಿದ ಮನೆಗೆ ಯಾವ ರೋಗ ಬೇಕಾದರೂ ನುಗ್ಗಬಹುದು. ಕೆಮ್ಮು, ನೆಗಡಿ ಇರೋರನ್ನ ಹತ್ತಿರ ಬಿಡಬೇಡಿ. ಮುಟ್ಟೋರು ಸೋಪು ಹಚ್ಚಿ ಕೈ ತೊಳೀಲಿ."

ಅಂದರೆ ಒಳಗಿನ ಕಾವಲು ಮಲಗಿದರೆ ಹೊರಗೊಬ್ಬರು ಎದ್ದಿರಬೇಕು. ಎರ್ರೆಮ್ಮನಿಗೆ ಅಷ್ಟು ತಿಳಿಯಿತು. ಗಂಡ ತೀರಿಕೊಂಡು ತವರಿಗೆ ಬಂದಿದ್ದವಳಿಗೆ ಬೇರೆ ಕೆಲಸವಾದರೂ ಏನಿತ್ತು? ಕೂಡ್ಲಿಗಿಗೆ ಮರಳಿದ ದಿನವೇ ಬಾಗಿಲಲ್ಲಿ ಬಕೆಟ್ಟು ಇಟ್ಟಳು.

ಊರು ಉರಿದುಬಿತ್ತು. "ನಾವೇನು ಹೊಲಸು ಮುಟ್ಟಿ ಬಂದೀವೇನು?" ಅಂದವರು ಅರ್ಧ ಜನ, ಹಿಂದೆ ನಿಂತು "ಕಿಡ್ನಿ ಕೊಟ್ಟು ತಮ್ಮನ್ನ ಕೊಂಡ್ಕಂಡಾಳ" ಅಂದವರು ಇನ್ನರ್ಧ. ಕರಿಸಿದ್ದಪ್ಪನಂತೂ ಕೆಮ್ಮುತ್ತಲೇ ಬಂದು, ಅವಳು ಅಡ್ಡ ನಿಂತದ್ದಕ್ಕೆ, ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿ ಹೋದ. "ಹೆಣ್ಮಗಳ ಕೈಲೆ ನೀರು ಹಾಕಿಸ್ಕಂಡು ಅಳಿಯನ್ನ ನೋಡಬೇಕಾ ನಾನು?"

ನಿಜಕ್ಕೂ ಕಷ್ಟವಾದದ್ದು ಊರಿಗಲ್ಲ, ಹುಲುಗಣ್ಣನಿಗೆ. ಬಸ್ಸಿನ ಗದ್ದಲದಲ್ಲಿ ಜೀವ ತೇಯ್ದವನು. ಹರಪನಹಳ್ಳಿ ತನಕ ಯಾವ ಹಳ್ಳಿಯಲ್ಲಿ ಯಾರ ಮಗಳು ಬಾಣಂತಿ ಎಂಬುದು ಬಾಯಿಪಾಠ. ಈಗ ಕಿಟಕಿಯ ಸರಳು ಹಿಡಿದು ಕುಳಿತು, ದೂರದ ಬಸ್ಸಿನ ಹಾರ್ನು ಕೇಳಿ "ಮಂಜಣ್ಣನ ಗಾಡಿ" ಅನ್ನುವುದೇ ಅವನ ದಿನದ ಕೆಲಸವಾಗಿತ್ತು. ಮಾತ್ರೆಯಿಂದ ಮುಖ ಗುಂಡಗಾಗಿ ಊದಿತ್ತು. ದಾರಿಯಲ್ಲಿ ಹೋಗುವವರು ಅದನ್ನು ಆರೋಗ್ಯ ಅಂದುಕೊಂಡರು.

*

ಹೀಗೆ ವರ್ಷಗಳು ಕಳೆದ ಮೇಲೆ ಒಂದು ದಿನ ಎರ್ರೆಮ್ಮ ಕೊಟ್ಟೂರಿನಿಂದ ತಿಂಗಳ ಮಾತ್ರೆ ತರಲು ಹೋಗಿದ್ದಳು. ಬಂದು ನೋಡಿದರೆ ಬಕೆಟ್ಟಿನ ನೀರು ಮುಟ್ಟದೆ ಹಾಗೇ ಇದೆ. ಒಳಗೆ ಹುಲುಗಣ್ಣ, ಕರಿಸಿದ್ದಪ್ಪ ಒಂದೇ ತಾಟಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದಾರೆ. ಮಾವ ನಡುನಡುವೆ ಕೆಮ್ಮುತ್ತಿದ್ದಾನೆ.

"ನನ್ನ ಅನಬ್ಯಾಡಕ್ಕ," ಅಂದಳು ತಮ್ಮನ ಹೆಂಡತಿ ಲಕ್ಷ್ಮಿದೇವಿ. "ಮಾವರ್ನ ಕಿಟಕ್ಯಾಗ ಕಂಡು ಇವರಾ ಕರದ್ರು."

"ಬೈಬ್ಯಾಡ ಅಕ್ಕ," ಅಂದ ಹುಲುಗಣ್ಣ. "ನಿನ್ನ ಕಿಡ್ನಿ ಬದುಕೈತಿ. ನಾನು ಬದುಕಬ್ಯಾಡೇನು?"

ಹಾಗೆಂದು ನಕ್ಕ. ಬಸ್ಸಿನಲ್ಲಿ ನಗುತ್ತಿದ್ದ ಹಾಗೆ, ಬಾಯ್ತುಂಬ. ಆ ನಗು ಕೇಳಿ ಎರ್ರೆಮ್ಮ ಬಾಯಿಗೆ ಬಂದ ಬೈಗುಳವನ್ನೆಲ್ಲ ಬಿಟ್ಟು, ಮಾತ್ರೆಯ ಚೀಲ ಮೊಳೆಗೆ ತಗುಲಿಸಿ ಅಡುಗೆಮನೆಗೆ ಹೋದಳು.

ಕೆಲವೇ ದಿನಕ್ಕೆ ಜ್ವರ, ಆಮೇಲೆ ಏದುಸಿರು. ಅದು ಮಾವ ತಂದದ್ದೋ, ಗಾಳಿ ತಂದದ್ದೋ, ದೇವರೇ ಬಲ್ಲ. ಕೊನೆಗೆ ಡಾಕ್ಟರು ಅಂದದ್ದು ಇಷ್ಟು: "ಎದೆಗೆ ಸೋಂಕು ಹತ್ತಿತಮ್ಮ. ನಿಮ್ಮ ಕಿಡ್ನಿ ಮಾತ್ರ ಕೊನೇ ತನಕ ಕೆಲಸ ಮಾಡ್ತಿತ್ತು."

*

ಹೆಣ ಎತ್ತಿದರು. ಗಂಡಸರು ಹಳ್ಳದ ದಂಡೆಗೆ ಹೋದರು. ತನ್ನ ಮೈಯ ತುಂಡೊಂದು ತಾನು ಬದುಕಿರುವಾಗಲೇ ಮಣ್ಣಿಗೆ ಹೋಗುತ್ತಿದೆ ಅನಿಸಿ ಎರ್ರೆಮ್ಮನ ಪಕ್ಕೆಯ ಹಳೆಯ ಗಾಯ ಚುಳುಕ್ಕೆಂದಿತು. ನೆಲ ತೊಳೆದಳು. ತಮ್ಮ ಕೂತಿದ್ದ ಜಾಗದಲ್ಲಿ ದೀಪ ಹಚ್ಚಿದಳು. ಮಣ್ಣು ಕೊಟ್ಟು ಬಂದವರಿಗೆ ಬೇಕಲ್ಲ ಎಂದು ಅದೇ ನೀಲಿ ಬಕೆಟ್ಟು ತುಂಬಿ ಬಾಗಿಲಲ್ಲಿಟ್ಟಳು.

ಬಿಸಿಲು ಇಳಿಯುವಾಗ ಗಂಡಸರು ಮರಳಿದರು. ಹೊಸ್ತಿಲ ಮುಂದೆ ತಾವಾಗಿಯೇ ನಿಂತರು.

"ಹಂಗಾ ಯಾರೂ ಒಳಗ ಹೋಗಬ್ಯಾಡ್ರಿ!" ಕರಿಸಿದ್ದಪ್ಪ ಎಲ್ಲರಿಗೂ ಅಡ್ಡ ಕೈ ಚಾಚಿದ. "ಕೈಕಾಲು ತೊಳಕೊಂಡು ದೀಪ ನೋಡ್ರಿ. ಸತ್ತ ಮನಿ ಅದು, ಪದ್ಧತಿ ಅಂತ ಒಂದೈತಿ." ಆಮೇಲೆ ತಾನೇ ಮೊದಲು ಬಂದು ಬಗ್ಗಿ ಎರಡೂ ಕೈ ಒಡ್ಡಿದ. "ಸೋಪು ಎಲ್ಲೈತೆವ್ವಾ?"

ಎರ್ರೆಮ್ಮ ಚರಂಡಿಯ ಅಂಚಿನಿಂದ ಸೋಪಿನ ಡಬ್ಬಿ ಎತ್ತಿ, ಮಣ್ಣು ಒರೆಸಿ ಕೊಟ್ಟಳು. ಚೊಂಬಿನಿಂದ ನೀರು ಸುರಿದಳು.

"ಬೆರಳ ಸಂದಿನ್ಯಾಗ ತಿಕ್ರಿ ಮಾವ."

ಕರಿಸಿದ್ದಪ್ಪ ತಿಕ್ಕಿದ.

"ಉಗುರಿನ್ಯಾಗ."

ಉಗುರಿನಲ್ಲೂ ತಿಕ್ಕಿದ. ನೊರೆ ಹೋಯಿತು, ಕೈ ಬೆಳ್ಳಗಾಯಿತು. "ಸಾಕವ್ವಾ," ಅಂದ. ಅವಳು ಇನ್ನೊಂದು ಚೊಂಬು ತುಂಬಿ ಸುರಿದಳು. "ಸಾಕಂದ್ನೆಲ್ಲ," ಅಂದು ತಲೆಯೆತ್ತಿ ಅವಳ ಮುಖ ನೋಡಿದವನು, ಒಡ್ಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಿಂದೆ ನಿಂತವರ ಕಾಲಡಿಗೆ ನೀರು ಹರಿದು ಬಂತು. ಎರ್ರೆಮ್ಮ ಮತ್ತೆ ಬಕೆಟ್ಟಿಗೆ ಚೊಂಬು ಅದ್ದಿದಳು.