ನಸೀಮ್ ಕಡೆಯ ರೈಲು

ರಿಯಾದಿಗೆ ಬಂದು ಹತ್ತೊಂಬತ್ತು ವರ್ಷವಾದರೂ ಸುಬೈದಾ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಗಂಡ ಅಬ್ದುಲ್ಲ ಕುಂಞಿ ಕಾರಿನಲ್ಲಿ ಕರೆದುಕೊಂಡು ಹೋದರೆ ಹೋದಳು, ಇಲ್ಲದಿದ್ದರೆ ಮನೆ. ಈಗ ಅವನಿಗೆ ಕಣ್ಣಿನ ಆಪರೇಷನ್ ಆಗಿ ಒಂದು ತಿಂಗಳು ಕಾರು ಓಡಿಸುವಂತಿಲ್ಲ. ಅದೇ ಹೊತ್ತಿಗೆ ಊರಿನ ಇನ್ನೊಂದು ಕಡೆಯ ನಸೀಮ್ ಬಡಾವಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಶಾಹೀದಾಳ ಅಂಗಡಿಯಲ್ಲಿ ಇವಳಿಗೆ ಕೆಲಸ ಸಿಕ್ಕಿತು.

"ನನ್ನ ತಮ್ಮ ರಝಾಕ್ ಪುರುಸೊತ್ತಾದಾಗ ಕಾರಿನಲ್ಲಿ ಬಿಡ್ತಾನೆ. ಒಂದು ವಾರ ತಡಿ ಮಾರಾಯ್ತಿ," ಎಂದ ಅಬ್ದುಲ್ಲ ಕುಂಞಿ.

"ಶಾಹೀದಾ ತಡೀಬೇಕಲ್ಲ. ಮೆಟ್ರೋ ಉಂಟು, ಹೋಗ್ತೇನೆ."

ಮರುದಿನ ಬೆಳಿಗ್ಗೆ ಎಂಟಕ್ಕೆ ಮನೆ ಹತ್ತಿರದ ಕಸ್ರ್ ಅಲ್ ಹುಕ್ಮ್ ಮೆಟ್ರೋ ಸ್ಟೇಷನ್ನಿನ ಎಸ್ಕಲೇಟರ್ ಹತ್ತಿದಳು. ಅದು ಇಳಿಯಿತು, ಇಳಿಯಿತು, ಮುಗಿಯುವಂತೆಯೇ ಕಾಣಲಿಲ್ಲ. ಕೆಳಗೆ ಜನ ಹೋದ ಕಡೆಗೇ ಹೋಗಿ ರೈಲಿನೊಳಗೆ ನಿಂತಳು. ಮೂರು ಸ್ಟೇಷನ್ ದಾಟಿದ ಮೇಲೆ ಪಕ್ಕದ ಹೈದರಾಬಾದಿನ ಹೆಂಗಸನ್ನು ಕೇಳಿದರೆ, "ನಸೀಮ್ ಕೀ ಲೈನ್ ದೂಸ್ರೀ ಹೈ, ಬಹನ್," ಎಂದಳು. ನಸೀಮಿನ ರೈಲೇ ಬೇರೆ, ಹೊರಟ ಸ್ಟೇಷನ್ನಿಗೇ ವಾಪಸ್ ಹೋಗಿ ಹತ್ತಬೇಕಂತೆ.

ಇಳಿದು, ಎದುರಿನ ರೈಲು ಹಿಡಿದು ಮತ್ತೆ ಹೊರಟಲ್ಲಿಗೇ ಬಂದಳು. ಅಷ್ಟರಲ್ಲಿ ಗಂಡನ ಫೋನು.

"ತಪ್ಪು ರೈಲು ಹತ್ತಿದೆ," ಎಂದಳು.

"ನಿಂತಲ್ಲೇ ನಿಲ್ಲು. ರಝಾಕನನ್ನು ಕಳಿಸ್ತೇನೆ."

"ಬೇಡ. ಇವತ್ತು ಅವನು ಬಂದರೆ ನಾಳೆಯೂ ಅವನೇ ಬರಬೇಕು."

ಫೋನಿಟ್ಟು ಗೋಡೆಗೆ ಒರಗಿದಳು. ತಲೆಯ ಮೇಲೆ ಬೋರ್ಡುಗಳು. ಇಂಗ್ಲಿಷ್ ಅವಳಿಗೆ ಬಾರದು. ಅರಬಿ ಮಾತು ಅಂಗಡಿಯಲ್ಲಿ ಬೆಲೆ ಕೇಳುವಷ್ಟು ಮಾತ್ರ. ಆದರೆ ಅಕ್ಷರ ಬರುತ್ತಿತ್ತು. ಉಪ್ಪಿನಂಗಡಿಯ ಮದ್ರಸದಲ್ಲಿ ಕುರ್‌ಆನ್ ಓದಲು ಕಲಿತದ್ದು. ಬೀದಿಯ ಬೋರ್ಡು ಓದುವ ಅಗತ್ಯ ಈವರೆಗೆ ಬಿದ್ದಿರಲಿಲ್ಲ. ಇಲ್ಲಿನವು ಸ್ವರದ ಗುರುತುಗಳಿಲ್ಲದ ಬೋಳು ಅಕ್ಷರಗಳು, ಕಣ್ಣಿಗೆ ಹಿಡಿಯಲಿಲ್ಲ. ಮೊದಲನೆಯ ಬೋರ್ಡು ಬಿಟ್ಟಳು. ಎರಡನೆಯದರ ಪಟ್ಟಿಯಲ್ಲಿ ಒಂದೊಂದೇ ಅಕ್ಷರ ಕೂಡಿಸುತ್ತ ಹೋದಳು. ಅಲಿಫ್, ಲಾಮ್, ನೂನ್, ಸೀನ್. ಮುಂದಿನದು ಯಾ, ಆಮೇಲೆ ಮೀಮ್.

"ಅನ್ನಸೀಮ್," ಎಂದು, ಮದ್ರಸದಲ್ಲಿ ಕಲಿತಂತೆ ಲಾಮನ್ನು ನುಂಗಿ, ಬಾಯಿಬಿಟ್ಟೇ ಓದಿದಳು.

ಬಾಣದ ಗುರುತು ಹಿಡಿದು ನಡೆದಳು. ಪ್ಲಾಟ್‌ಫಾರ್ಮಿನಲ್ಲಿ ಸಮವಸ್ತ್ರದ ಸೌದಿ ಹುಡುಗಿಯೊಬ್ಬಳಿದ್ದಳು. ಎದೆಯ ಪಟ್ಟಿಯ ಮೇಲಿನ ಹೆಸರನ್ನೂ ಬಿಡಲಿಲ್ಲ ಸುಬೈದಾ: ಬಸ್ಮಾ.

"ಬಸ್ಮಾ, ನಸೀಮ್?" ಎಂದು ಬೆರಳು ತೋರಿಸಿದಳು.

ಹುಡುಗಿ ತನ್ನ ಹೆಸರು ಕೇಳಿ ನಕ್ಕಳು. "ಐವಾ, ನಸೀಮ್," ಎಂದು ತಲೆಯಾಡಿಸಿದಳು.

ಅಂಗಡಿ ಮುಟ್ಟುವಾಗ ಒಂಬತ್ತೂವರೆ. ಶಾಹೀದಾ ಗಡಿಯಾರ ನೋಡಿದಳು.

"ದಾರಿ ತಪ್ಪಿತು," ಎಂದಳು ಸುಬೈದಾ. "ಸಂಜೆ ಅರ್ಧ ಗಂಟೆ ಹೆಚ್ಚು ಕೂರ್ತೇನೆ. ನಾಳೆ ಒಂಬತ್ತಕ್ಕೆ ಮೊದಲೇ ಬರ್ತೇನೆ."

ಶಾಹೀದಾ ಕಿಟಕಿಯ ಪಕ್ಕದ ಮೆಷಿನ್ನು ತೋರಿಸಿದಳು. ಸುಬೈದಾ ಕೂತು ಸೂಜಿಗೆ ನೂಲು ಪೋಣಿಸಿದಳು.