ಬೆಟ್ಟದ ಮೇಲೆ ಎಲ್ಲಿ ಕುಡಿಯುವುದು

ಚಹಾದ ಮೇಲೆ ಕೆನೆ ಕಟ್ಟುತ್ತಿದೆ, ಮೊದಲು ಅಂಚಿನಲ್ಲಿ, ಆಮೇಲೆ ನಡುವಿಗೆ, ಊದಿದರೆ ಸುಕ್ಕಾಗಿ ಒಂದು ಬದಿಗೆ ಸರಿಯುತ್ತದೆ — ಊದುತ್ತ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ, ಇದು ನನ್ನ ಚಿಕ್ಕಂದಿನ ಉಪಾಯ, ಆದರೆ ಇವತ್ತು ಎಷ್ಟು ಊದಿದರೂ ಆಲ್ರೊಯ್ ಕೇಳಿಯೇ ಕೇಳುತ್ತಾನೆ, ಶರ್ಲಿನ್, ಎಲ್ಲಿ ನಿನ್ನ ಲಿಸ್ಟ್, ಮತ್ತು ನನ್ನ ಬಳಿ ಊಟದ ಜಾಗಗಳಿವೆ, ಬಾರ್ ಒಂದೂ ಇಲ್ಲ. ಇಷ್ಟೇ ನನ್ನ ಹೆದರಿಕೆ. ಬೇರೆಯವರಿಗೆ ಹೇಳಿದರೆ ನಕ್ಕಾರು, ಮದುವೆ ಗೊತ್ತಾದ ಹುಡುಗಿಗೆ ಹೆದರಲು ಇನ್ನೇನೂ ಸಿಗಲಿಲ್ಲವೇ ಅಂತ. ವಾರವಿಡೀ ನಾನು ಫೋನಿನಲ್ಲಿ ಗುಡೌರಿಯ ಬೆಟ್ಟ ಹತ್ತಿ ಇಳಿದಿದ್ದೇನೆ, ಜಾರ್ಜಿಯಾ ದೇಶದ ಆ ಹಿಮದ ಊರು, ಇಲ್ಲಿಂದ ವಿಮಾನ ಹತ್ತಿದರೆ ಹತ್ತಿರವೇ ಅಂತೆ, ಜನವರಿಯಲ್ಲಿ ಊರಿನಲ್ಲಿ ನನ್ನ ಆಲ್ರೊಯ್‌ನ ಮದುವೆ, ಆಮೇಲೆ ಕುವೈತಿಗೆ ಮರಳಿ ಇಲ್ಲಿಂದ ಹೋಗುವುದು, ನಾನು, ಆಲ್ರೊಯ್, ಅವನ ಸೈಟಿನ ಗೆಳೆಯ ಧನರಾಜ್, ಧನರಾಜನ ಹೆಂಡತಿ ಅಪೇಕ್ಷಾ. ಟಿಕೆಟ್ ಆಲ್ರೊಯ್ ನೋಡುವುದು, ಹೋಟೆಲ್ ಧನರಾಜ್, ದಪ್ಪ ಜಾಕೆಟುಗಳು ಅಪೇಕ್ಷಾ, ಬೆಟ್ಟದ ಮೇಲೆ ಎಲ್ಲಿ ಉಣ್ಣುವುದು ಎಲ್ಲಿ ಕುಡಿಯುವುದು ಅನ್ನುವುದು ನನ್ನ ಪಾಲು, ನೀನು ಎಂ.ಎ. ಮಾಡಿದವಳಲ್ವಾ, ಕೂತು ಓದಿ ಹುಡುಕು ಮಾರಾಯ್ತಿ, ಟೂರಿಸ್ಟುಗಳಿಗೆ ಟೋಪಿ ಹಾಕುವ ಜಾಗ ಬೇಡ, ಅಂದಿದ್ದ ಆಲ್ರೊಯ್.

ಹುಡುಕಿದೆ. ಓದುವುದೊಂದು ನನಗೆ ಬರುತ್ತದೆ. ಹಗ್ಗದ ಮೇಲೆ ತೂಗಿಕೊಂಡು ಹೋಗುವ ಡಬ್ಬಿಗಳು ನಡುವೆ ಒಂದು ಕಡೆ ನಿಲ್ಲುತ್ತವೆ, ಅಲ್ಲಿ ಇಳಿದರೆ ಮರದ ಒಂದು ಗುಡಿಸಲು ಹೋಟೆಲು, ಮಣ್ಣಿನ ಕುಡಿಕೆಯಲ್ಲಿ ಬೀನ್ಸ್ ಸಾರು, ನಡುವೆ ಮೊಟ್ಟೆ ಒಡೆದು ಹಾಕಿದ ಚೀಸಿನ ರೊಟ್ಟಿ, ಸ್ಕೀ ಬಾರದವರೂ ಅಲ್ಲಿಯವರೆಗೆ ಹೋಗಬಹುದು ಅಂತ ಒಬ್ಬಳು ಬರೆದಿದ್ದಳು, ಅದನ್ನು ನನಗಾಗಿಯೇ ಬರೆದಂತಿತ್ತು, ಯಾಕೆಂದರೆ ಆ ಉದ್ದದ ಪಟ್ಟಿಗಳಿಗೆ ಕಾಲು ಕಟ್ಟಿಕೊಂಡು ಜಾರಲು ನನ್ನಿಂದಾಗದು. ಇನ್ನೊಂದು ಹೋಟೆಲು ಇನ್ನೂ ಮೇಲೆ, ಮಧ್ಯಾಹ್ನ ನೂಕುನುಗ್ಗಲು, ಸ್ವಲ್ಪ ತಡವಾಗಿ ಹೋದರೆ ಕಿಟಕಿಯ ಮೇಜು ಸಿಗುತ್ತದೆ, ಕೊನೆಯ ಡಬ್ಬಿ ಕತ್ತಲಾಗುವ ಮೊದಲೇ ಹೊರಡುವುದರಿಂದ ಎರಡನೇ ಗ್ಲಾಸಿಗೆ ಕೂರಬೇಡಿ. ಎಲ್ಲ ಚೆನ್ನಾಗಿತ್ತು, ಆದರೆ ಪ್ರತಿಯೊಂದು ಫೋಟೋದ ಹಿಂದೆಯೂ ಬಿಳಿ. ಮೇಜಿನ ಹಿಂದೆ ಬಿಳಿ, ನಗುವವರ ತಲೆಯ ಹಿಂದೆ ಬಿಳಿ, ಕಿಟಕಿಯಲ್ಲಿ ಬೆಟ್ಟವೂ ಇಲ್ಲ ಆಕಾಶವೂ ಇಲ್ಲ, ಯಾರೋ ಒರೆಸಿ ಹಾಕಿದಂತೆ, ನಾನು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ಚಮಚ ನೋಡಿದೆ, ಸಾರಿನ ಕುಡಿಕೆಯ ಬಿರುಕು ನೋಡಿದೆ, ಬಾರುಗಳ ಪುಟ ಬಂದಾಗ ಫೋನು ಕವುಚಿಟ್ಟೆ. ಬಿಸಿ ವೈನಿನ ಗ್ಲಾಸುಗಳನ್ನು ಹಿಮದ ಗುಡ್ಡೆಯಲ್ಲೇ ಹೂತು ನಿಲ್ಲಿಸಿದ್ದ ಒಂದು ಚಿತ್ರ. ಬಿಳಿ ಮತ್ತು ಕುಡಿತ ಪಕ್ಕಪಕ್ಕದಲ್ಲಿ. ಕ್ಲಿಫರ್ಡ್ ಅಣ್ಣ ಹೇಳಿದ್ದ, ಬಾಗಿಲು ಹಾಕು, ಶರ್ಲಿ — ಬೇಡ, ಈಗ ಬೇಡ, ಚಹಾ ಕುಡಿ.

ಚಹಾಕ್ಕೆ ಸಕ್ಕರೆ ಇಲ್ಲ. ಈ ಮನೆಯಲ್ಲಿ ನನ್ನ ಚಹಾಕ್ಕೆ ಯಾವತ್ತೂ ಸಕ್ಕರೆ ಇರುವುದಿಲ್ಲ. ಇನೆಜ್ ಆಂಟಿ, ಆಲ್ರೊಯ್‌ನ ತಾಯಿ, ಮದುವೆಯಾದ ಮೇಲೆ ಮಾಂಯ್ ಅನ್ನಬೇಕಾದವರು, ಜಹ್ರಾದ ಒಂದು ಕ್ಲಿನಿಕ್ಕಿನ ರಿಸೆಪ್ಶನಿನಲ್ಲಿ ಕೂತು ಕೂತು ಅರ್ಧ ಡಾಕ್ಟರೇ ಆಗಿರುವವರು, ನನ್ನ ಕಪ್ಪು ತಪ್ಪಿಹೋಗದಂತೆ ಅದರ ಹಿಡಿಗೆ ಕೆಂಪು ನೂಲು ಕಟ್ಟಿದ್ದಾರೆ. ಅಷ್ಟು ಸಣ್ಣ ಪ್ರಾಯದಲ್ಲಿ ನಿನ್ನ ಅಣ್ಣನಿಗೆ ಶುಗರಿನಿಂದ ಕಣ್ಣು ಹೋಯಿತು ಅಂದರೆ ಅದು ರಕ್ತದಲ್ಲೇ ಉಂಟು, ಬಾಯ್, ಮಗಳೇ, ನೀನು ಈಗಲೇ ಜಾಗ್ರತೆ ಮಾಡಬೇಕು, ನಾಳೆ ಮಕ್ಕಳಾಗುವಾಗ ಅಳುವುದಲ್ಲ. ನಿಶ್ಚಿತಾರ್ಥದ ದಿನ ಕೇಕಿನ ಒಂದು ಚೂರನ್ನು ಬೆರಳ ತುದಿಯಷ್ಟು ಮಾಡಿ ನನ್ನ ಬಾಯಿಗಿಟ್ಟರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದೇ ಕಷ್ಟ. ಅಬ್ಬಾಸಿಯಾದ ನಮ್ಮ ಮನೆಗೆ ಹೋದ ಕೂಡಲೇ ನಾನು ಡಬ್ಬಿಯಿಂದ ಸಕ್ಕರೆ ತೆಗೆದು ನಿಂತಲ್ಲೇ ಬಾಯಿಗೆ ಹಾಕಿಕೊಳ್ಳುತ್ತೇನೆ, ಮಮ್ಮಿ ನೋಡುತ್ತಾಳೆ. ಶುಗರ್ ಅನ್ನುವ ಮಾತು ಹುಟ್ಟಿದ್ದು ಅವಳ ಬಾಯಿಯಲ್ಲೇ. ಮಾಸಿನ ಪೂಜೆ ಮುಗಿದು ಎಲ್ಲರೂ ಇಗರ್ಜಿಯ ಅಂಗಳದಲ್ಲಿ ನಿಂತಿದ್ದಾಗ ಯಾರೋ ಹೆಂಗಸು, ಅಯ್ಯೋ ಡೆಲ್ಮಾಬಾಯಿ, ಕ್ಲಿಫರ್ಡ್‌ಗೆ ಕಣ್ಣಿಗೆ ಎಂತಾಯಿತು ಅಂತ ಕೈ ಹಿಡಿದಳು, ಮಮ್ಮಿಯ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು, ಶುಗರ್ ಅಂದಿತು. ಆವತ್ತಿನ ಊಟದ ಹೊತ್ತಿಗೆ ಡ್ಯಾಡಿ ಅದನ್ನು ಗಟ್ಟಿ ಮಾಡಿದರು, ಶುಗರ್ ಅಂದರೆ ಶುಗರ್, ಖಲಾಸ್, ಒಬ್ಬೊಬ್ಬರು ಒಂದೊಂದು ಹೇಳುವುದು ಬೇಡ, ಮನೆಯಲ್ಲಿ ಮದುವೆಯ ಹುಡುಗಿ ಇದ್ದಾಳೆ, ಕುಡಿತಕ್ಕೆ ನಿಷೇಧವಿರುವ ಈ ದೇಶದಲ್ಲಿ ಕುಡಿದು ಕಣ್ಣು ಕಳೆದುಕೊಂಡವನ ತಂಗಿ ಅಂದರೆ ಯಾರು ಬಂದಾರು. ಪ್ರತಿದಿನ ಡೈರಿ ಬರೆಯುವ ನಾನು ಆ ದಿನ ಅದರಲ್ಲಿ ಬರೆದದ್ದು ಬರೀ ಧೂಳಿನ ಬಗ್ಗೆ, ಕಿಟಕಿಯ ಸಂದಿಯಿಂದ ಒಳಗೆ ಬಂದ ಧೂಳು, ಒರೆಸಿದಷ್ಟೂ ಬಂತು.

ಆಂಟಿ, ಮೀನು ಫಸ್ಟ್‌ಕ್ಲಾಸ್ ಆಗಿತ್ತು, ಅಂತ ಧನರಾಜ್ ಸೋಫಾದಲ್ಲಿ ಕಾಲು ಚಾಚುತ್ತಿದ್ದಾನೆ, ಶುಕ್ರವಾರದ ಊಟ ಅವನಿಗೆ ಇಲ್ಲೇ, ಅವನಿರುವಾಗ ನಮ್ಮ ಕೊಂಕಣಿ ತುಳುವಿಗೆ ಹೊರಳಿ ಅಲ್ಲಿಂದ ಕನ್ನಡಕ್ಕೆ ಬಂದು ನಿಲ್ಲುತ್ತದೆ. ನಿನ್ನ ಹೆಂಡತಿ ಡ್ಯೂಟಿ ಅಂತ ಹೇಳಿ ನೀನು ಇಲ್ಲಿ ಬಂದು ಉಣ್ಣುವುದು, ಅವಳಿಗೆ ಕಟ್ಟಿ ಕೊಡ್ತೇನೆ, ದಾರಿಯಲ್ಲಿ ತಿಂದರೆ ನೋಡು, ಅಂತ ಆಂಟಿ. ಕಾರಿನಲ್ಲಿ ತಿಂದರೆ ವಾಸನೆ ಬರ್ತದೆ ಆಂಟಿ, ಸಿಕ್ಕಿಬೀಳ್ತೇನೆ. ಆಲ್ರೊಯ್ ನಗುತ್ತಾನೆ, ತಲೆ ಹಿಂದಕ್ಕೆ ಚೆಲ್ಲಿ, ಅವನ ನಗು ನನಗೆ ಇಷ್ಟ, ಊಟದ ಹೊತ್ತಿಗೆ ಸಿಗಡಿಯ ಸಿಪ್ಪೆ ಬಿಡಿಸಿ ಬಿಡಿಸಿ ನನ್ನ ತಟ್ಟೆಗೆ ಹಾಕಿದ, ಕಳೆದ ವಾರ ಕಾರಿನಲ್ಲಿ ಕೇಳಿದ್ದ, ನೀನು ಎಲ್ಲ ಒಳಗೇ ಮಾತಾಡ್ತೀಯಾ, ಸ್ವಲ್ಪ ಹೊರಗೆ ಬಿಡು, ನಾನು ಕೇಳ್ತೇನಲ್ಲ. ಕೇಳ್ತೇನೆ ಅನ್ನುವವರು ಎಷ್ಟರವರೆಗೆ ಕೇಳುತ್ತಾರೆ. ನಿಜ ಹೇಳಿದರೆ ಮದುವೆ ಮುರಿಯುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಡ್ಯಾಡಿಗೆ ಗೊತ್ತು, ಮುರಿಯುತ್ತದೆ ಅಂತ. ಮದುವೆಯ ಮುಂಚಿನ ರೋಸಿನ ದಿನ ನನ್ನ ತಲೆಗೆ ಕಾಯಿಹಾಲು ಎರೆಯುವಾಗ ಅಣ್ಣನನ್ನು ಕೈಹಿಡಿದು ಕರೆತರಬೇಕು, ಅವನಿಗೆ ಕಪ್ಪು ಕನ್ನಡಕ ಹಾಕಿಸೋಣ, ಫೋಟೋದಲ್ಲಿ ಸ್ಟೈಲ್ ಅಂದುಕೊಳ್ಳಲಿ ಅಂತ ಮಮ್ಮಿ ಈಗಲೇ ಹೇಳಿಟ್ಟಿದ್ದಾಳೆ.

ಅಣ್ಣನಿಗೂ ಹಿಮ ನೋಡುವ ಆಸೆ ಇತ್ತು. ಕೋಳಿ ಮಾಂಸದ ಪೆಟ್ಟಿಗೆಗಳನ್ನು ಇಡುವ ಕೋಲ್ಡ್ ಸ್ಟೋರಿನಲ್ಲಿ ಕೆಲಸ, ನಮ್ಮ ಮನೆ ಸಣ್ಣದಾದ್ದರಿಂದ ಪಕ್ಕದ ಗಲ್ಲಿಯಲ್ಲಿ ಗೆಳೆಯರೊಂದಿಗೆ ರೂಮು, ಕೆಲಸದಿಂದ ನೇರ ನಮ್ಮ ಮನೆಗೆ ಬಂದು ತಣ್ಣಗಿನ ಎರಡೂ ಕೈಗಳನ್ನು ಹಿಂದಿನಿಂದ ನನ್ನ ಕುತ್ತಿಗೆಗೆ ಇಡುತ್ತಿದ್ದ, ನಾನು ಕಿರುಚುತ್ತಿದ್ದೆ, ನಾನು ಕಿರುಚುತ್ತಿದ್ದದ್ದು ಜಗತ್ತಿನಲ್ಲಿ ಅವನೊಬ್ಬನಿಗೆ ಗೊತ್ತು. ಒಮ್ಮೆ ಬೇಸಿಗೆಯಲ್ಲಿ ಫ್ರೀಝರಿನ ಗೋಡೆಯ ಮಂಜನ್ನು ಕೆರೆದು ಟಿಫಿನ್ ಡಬ್ಬಿಯಲ್ಲಿ ತುಂಬಿಕೊಂಡು ಬಂದ, ಶರ್ಲಿ, ಸ್ನೋ ತಂದಿದ್ದೇನೆ, ಬೇಗ ಬಾ, ಮೆಟ್ಟಿಲು ಹತ್ತಿ ಮುಚ್ಚಳ ತೆಗೆಯುವಷ್ಟರಲ್ಲಿ ನೀರು, ನೀರಿನ ಮೇಲೆ ಕೋಳಿಯ ಒಂದು ಗರಿ. ಇಬ್ಬರೂ ಎಷ್ಟು ನಕ್ಕೆವು. ಆಮೇಲೆ ರೂಮಿನಲ್ಲಿ ಯಾರದೋ ಬರ್ತ್‌ಡೇ. ಆಮೇಲೆ ಆಸ್ಪತ್ರೆ, ಹಗಲು, ಕಿಟಕಿಯ ತುಂಬ ಬಿಸಿಲು, ಅವನು ಹಾಸಿಗೆಯಲ್ಲಿ ಎದ್ದು ಕೂತಿದ್ದಾನೆ, ಕಣ್ಣು ತೆರೆದೇ ಇದೆ, ಚೆನ್ನಾಗಿಯೇ ಇದೆ, ಶರ್ಲಿ, ಫ್ರೀಝರ್ ಬಾಗಿಲು ಯಾರು ತೆಗೆದಿಟ್ಟದ್ದು, ಬರೀ ಬಿಳಿ ಹೊಗೆ ಬರ್ತಾ ಉಂಟು, ಹಾಕು, ಬಾಗಿಲು ಹಾಕು — ಬಲಗೈ ಮುಂದಕ್ಕೆ ಚಾಚಿ, ಇಲ್ಲದ ಬಾಗಿಲಿನ ಹಿಡಿಯನ್ನು ಗಾಳಿಯಲ್ಲಿ ಹುಡುಕುತ್ತಿದ್ದಾನೆ. ಕತ್ತಲು ಬರಲಿಲ್ಲ ಅವನಿಗೆ, ಬಿಳಿ ಬಂತು. ಈಗಲೂ ಊರಿನಿಂದ ಫೋನಿನಲ್ಲಿ ಹೇಳುತ್ತಾನೆ, ಕುರುಡು ಅಂದರೆ ಕಪ್ಪು ಅಂದುಕೊಂಡಿದ್ದೆ ಮಾರಾಯ್ತಿ. ಕಂಪೆನಿ ಇಕಾಮಾ, ಇಲ್ಲಿ ಇರುವ ಪರವಾನಗಿ, ರದ್ದು ಮಾಡಿ ಟಿಕೆಟ್ ಕೊಟ್ಟು ಕಳಿಸಿದ ದಿನ, ಏರ್‌ಪೋರ್ಟಿನಲ್ಲಿ, ಗಾಲಿಕುರ್ಚಿಯಲ್ಲಿ ಕೂತು ಅವನು ನನಗೆ ವಿವರಿಸಿದ, ಯಾವುದೋ ಪರೀಕ್ಷೆಯಲ್ಲಿ ಅನ್ಯಾಯವಾಗಿ ಫೇಲಾದವನ ಹಾಗೆ — ನಾವು ಸುಮ್ಮನೆ ಕುಡಿದದ್ದಲ್ಲ ಶರ್ಲಿ, ಚಮಚದಲ್ಲಿ ಹಾಕಿ ಬೆಂಕಿ ಹಚ್ಚಿ ನೋಡಿದ್ದೆವು, ನೀಲಿ ಉರಿದರೆ ಒಳ್ಳೆಯದು ಅಂತ ಎಲ್ಲರೂ ಹೇಳ್ತಾರಲ್ಲ, ಉರಿಯಿತು, ಚಂದದ ನೀಲಿ.

ಧನರಾಜ್ ಜಿಮ್ಮಿನ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡ. ಟವೆಲು, ಟವೆಲಿನ ಒಳಗೆ ಇನ್ನೊಂದು ಟವೆಲು, ಅದರೊಳಗೆ ನೀರಿನ ಬಾಟಲಿ, ನೀರಿನಂಥದ್ದೇ ನೀರು. ಆಂಟಿ, ಕಣ್ಣು ಮುಚ್ಚಿ. ಇನೆಜ್ ಆಂಟಿ ಎದ್ದು ಹೋಗಿ ಪರದೆ ಎಳೆಯುತ್ತಾರೆ, ಎದುರು ಬಿಲ್ಡಿಂಗಿನವರಿಗೆ ಬೇರೆ ಕೆಲಸ ಇಲ್ಲ, ನನಗಂತೂ ಎಂತದೂ ಕಾಣುವುದಿಲ್ಲಪ್ಪ, ನಾನು ಕುರುಡಿ — ಅಂದವರು ನನ್ನ ಕಡೆ ನೋಡಿ ನಾಲಗೆ ಕಚ್ಚಿಕೊಂಡರು, ಸಾರಿ ಬಾಯ್, ಬಾಯಿ ತಪ್ಪಿ ಬಂತು. ಎಲ್ಲಿಂದ ತಂದೆ, ಅಂತ ಆಲ್ರೊಯ್ ಮುಂದಕ್ಕೆ ಬಾಗುತ್ತಾನೆ. ಅಬ್ಬಾಸಿಯಾದ ಒಬ್ಬ ಭಾಯಿ, ಪರಿಚಯದವ, ಗ್ಯಾರಂಟಿ ಮಾಲು, ಬೆಟ್ಟದ ಮೇಲೆ ಹೋಗಿ ಒಂದೇ ಗ್ಲಾಸಿಗೆ ಬಿದ್ದರೆ ಮಾನ ಹೋಗ್ತದೆ, ಅದಕ್ಕೆ ಇಲ್ಲೇ ರಿಹರ್ಸಲ್. ಸರಿ ಉಂಟಾ ಅದು, ಅಂತ ಆಲ್ರೊಯ್, ಕೇಳಿದ, ಕೇಳಿದನಲ್ಲ, ದೇವರೇ, ಅವನಿಗೂ ಒಂದು ಅನುಮಾನ ಉಂಟು, ಅಲ್ಲಿಗೇ ನಿಲ್ಲಲಿ. ನನ್ನನ್ನು ಎಂತ ಅಂದುಕೊಂಡಿದ್ದೀ, ಚಮಚದಲ್ಲಿ ಹಾಕಿ ಬೆಂಕಿ ಹಚ್ಚಿ ನೋಡಿದ್ದೇನೆ, ನೀಲಿ ಉರಿಯಿತು ಮಾರಾಯ, ನೀಲಿ ಉರಿದ ಮೇಲೆ ಮತ್ತೆಂತ ಬೇಕು. ಹಾಗಾದರೆ ಸರಿ, ಅಂದ ಆಲ್ರೊಯ್. ನಾಲ್ಕು ಜನ ಕೂತ ಕೋಣೆಯಲ್ಲಿ ನೀಲಿ ಉರಿಯ ಬಗ್ಗೆ ನನಗೊಬ್ಬಳಿಗೆ ಗೊತ್ತು, ನನಗೆ ಗೊತ್ತು ಅಂತ ಯಾರಿಗೂ ಗೊತ್ತಿಲ್ಲ. ಸುಮ್ಮನೆ ಬೇಡ ಅಂದರೆ ಸಾಕೇ, ಬೇಡ ಅಂದರೆ ಯಾಕೆ ಅನ್ನುತ್ತಾರೆ, ಪಾಪ ಅಂದರೆ ನಗುತ್ತಾರೆ, ಪೊಲೀಸ್ ಅಂದರೆ ಪರದೆ ಎಳೆದಿದೆ. ಚಹಾದ ಕಪ್ಪನ್ನು ಉರುಳಿಸಿ ಬಾಟಲಿಯನ್ನು ಬೀಳಿಸಲೇ, ಈ ಬಾಟಲಿ ಚೆಲ್ಲಿದರೆ ಮುಂದಿನ ಶುಕ್ರವಾರ ಇನ್ನೊಂದು ಬರುತ್ತದೆ. ಒಳ್ಳೆಯದೂ ಇರಬಹುದಲ್ಲ, ದಿನಾ ಎಷ್ಟೋ ಜನ ಕುಡಿಯುತ್ತಾರೆ, ಎಲ್ಲರ ಕಣ್ಣೂ ಹೋಗುವುದಿಲ್ಲ, ಅಣ್ಣನ ರೂಮಿನಲ್ಲೂ ಒಬ್ಬನಿಗೆ ಏನೂ ಆಗಲಿಲ್ಲ, ಇನ್ನೊಬ್ಬ ಪೆಟ್ಟಿಗೆಯಲ್ಲಿ ಊರಿಗೆ ಹೋದ.

ಗ್ಲಾಸುಗಳು ಬಂದವು, ಆಂಟಿಯ ಶೋಕೇಸಿನ ಒಳ್ಳೆಯ ಗ್ಲಾಸುಗಳು, ತಳದಲ್ಲಿ ಬೆರಳಗಲ ಆ ನೀರು, ಮೇಲೆ ಸೆವೆನ್ ಅಪ್, ನೊರೆ ಬಿಳಿಯಾಗಿ ಏರಿ ಬಿಳಿಯಾಗಿ ಇಳಿಯುತ್ತಿದೆ. ಯಲ್ಲಾ, ಲಿಸ್ಟ್ ಓದು ಶರ್ಲಿನ್, ಅಂತ ಆಲ್ರೊಯ್, ಮೊದಲ ದಿನ ಎಲ್ಲಿ ಊಟ, ನಾನು ಓದುತ್ತೇನೆ, ನಡುವಿನ ಸ್ಟೇಷನ್ ಹತ್ತಿರ ಮರದ ಹೋಟೆಲು, ಬೀನ್ಸ್ ಸಾರು, ಚೀಸಿನ ರೊಟ್ಟಿ, ಮೇಲಿನ ಹೋಟೆಲಿಗೆ ತಡವಾಗಿ ಹೋದರೆ ಕಿಟಕಿಯ ಮೇಜು, ದನಿ ನನ್ನ ಕಿವಿಗೇ ಕೇಳುವುದಿಲ್ಲ. ಬಾರ್? ಹುಡುಕಲಿಲ್ಲ. ಒಂದೂ? ಒಂದೂ ಇಲ್ಲ. ಧನರಾಜ್ ಹಣೆ ಚಚ್ಚಿಕೊಳ್ಳುತ್ತಾನೆ, ಹೋಯಿತು, ಬೆಟ್ಟ ಹತ್ತಿ ಬೀನ್ಸ್ ತಿಂದು ಇಳಿಯುವುದು, ಅದಕ್ಕೆ ಜಾರ್ಜಿಯಾ ಯಾಕೆ, ನಮ್ಮ ಕ್ಯಾಂಟೀನ್ ಸಾಲದಾ. ಆಲ್ರೊಯ್‌ಗೆ ಸಿಟ್ಟು ಬರುವುದಿಲ್ಲ, ನಗುತ್ತಾನೆ, ಬಿಡು, ಬಾರ್ ನಾನೇ ಹುಡುಕ್ತೇನೆ, ಇಲ್ಲಿ ಬಾ, ನೀನೂ ಒಂದು ಹನಿ ಮುಟ್ಟು, ಮದುವೆಯ ಟೋಸ್ಟಿಗೆ ಅಭ್ಯಾಸವಾಗಲಿ. ಇದು ಶುಗರ್ ಫ್ರೀ ಆಂಟಿ, ಅಂತ ಧನರಾಜ್, ನಿಮ್ಮ ಸೊಸೆಗೂ ಆಗ್ತದೆ. ಆಂಟಿಯೂ ನಕ್ಕರು. ಎಲ್ಲರೂ ನಗುತ್ತಿದ್ದಾರೆ, ನಿಶ್ಚಿತಾರ್ಥದ ದಿನದ ಹಾಗೆಯೇ, ನನ್ನ ಮುಖವೂ ನಗಲು ಹೊರಟಿದೆ, ಕೆನ್ನೆಗೆ ಅಭ್ಯಾಸವಾಗಿಬಿಟ್ಟಿದೆ, ಗ್ಲಾಸು ಆಲ್ರೊಯ್‌ನ ಕೈಯಲ್ಲಿ ಮೇಲೇರುತ್ತಿದೆ, ಸಿಗಡಿ ಬಿಡಿಸಿದ ಅದೇ ಕೈ, ನಾನು ಎದ್ದು ನಿಂತಿದ್ದೇನೆ, ಯಾವಾಗ ನಿಂತೆ, ಚಹಾ ಫ್ರಾಕಿನ ಮೇಲೆ ಚೆಲ್ಲಿದೆ, ಕೆಂಪು ನೂಲಿನ ಕಪ್ ನೆಲದಲ್ಲಿ, ಬಾಯ್, ಎಂತಾಯಿತು, ತಲೆ ತಿರುಗಿತಾ, ಶುಗರ್ ಇಳಿದಿರಬೇಕು, ಧನರಾಜ್, ಸ್ವಲ್ಪ ಸಕ್ಕರೆ ತಾ ಅಡುಗೆಮನೆಯಿಂದ — ಪರದೆಯ ಹಿಂದೆ ಬಿಸಿಲು ಹೊಡೆದು ಇಡೀ ಕಿಟಕಿ ಬಿಳಿ, ಅದರ ಮುಂದೆ ಆಲ್ರೊಯ್‌ನ ತೆರೆದ ಕಣ್ಣು, ಚೆನ್ನಾಗಿಯೇ ಇರುವ ಕಣ್ಣು, ಮತ್ತು ಆ ಬಿಳಿಯಲ್ಲಿ ಒಂದು ಬಲಗೈ, ಬಾಗಿಲಿನ ಹಿಡಿ ಹುಡುಕುತ್ತ, ಇಲ್ಲಿ, ಇಲ್ಲ, ಇಲ್ಲಿ, ಹಾಕು ಶರ್ಲಿ, ನನ್ನ ಅಣ್ಣನ ಕಣ್ಣು ಹೋದದ್ದು ಶುಗರಿನಿಂದ ಅಲ್ಲ ಆಲ್ರೊಯ್, ಇದರಿಂದ.